ಗಲ್ಲಕ್ಕೆ ತೊಂಬತ್ತು ಕೋಟಿ

ಭದ್ರಾವತಿಯ ಹಳೇ ಸೇತುವೆ ಇಳಿದು ಎಡಕ್ಕೆ ಹೊರಳಿದರೆ
ಹಾಲೇಶಿಯ ಸಲೂನು.
ಎರಡು ಕುರ್ಚಿ, ಒಂದರ ಹಿಡಿ ಮುರಿದಿದೆ.
ಎದುರುಬದುರು ಎರಡು ಕನ್ನಡಿ.
ಭಾನುವಾರ ಬೆಳಿಗ್ಗೆ, ನನ್ನ ನಂಬರು ಆರನೆಯದು.

'ಆರುನೂರೈವತ್ತು ಕೋಟಿ' ಎಂದ ವೆಲ್ಡಿಂಗ್ ಅನ್ಸಾರ್,
ಅವನ ಜೇಬಿನಿಂದಲೇ ಹೋದ ಹಾಗೆ.
ಹಾರುವವನ ಸಿನಿಮಾ. ಬರೋ ಶುಕ್ರವಾರ ಬಿಡುಗಡೆ.
'ಬರೀ ಹಗ್ಗ ಅಳಿಸೋಕೇ ನೂರಿಪ್ಪತ್ತು ಕೋಟಿಯಂತೆ.'
'ಯಾವ ಹಗ್ಗ?'
'ಅವನನ್ನ ಮೇಲೆ ಎತ್ತಿ ಹಿಡಿದಿರತ್ತಲ್ಲ, ಅದು.
ಮೊದಲು ಕಟ್ತಾರೆ, ಆಮೇಲೆ ಕಂಪ್ಯೂಟರಲ್ಲಿ ಒರೆಸ್ತಾರೆ.'
'ಕಟ್ಟೋಕೆ ಎಷ್ಟು?'
'ಕಟ್ಟೋದು ಅಗ್ಗ.
ಕಟ್ಟಿಲ್ಲ ಅನ್ನಿಸೋದೇ ದುಬಾರಿ.'

ಮುರುಗೇಶಣ್ಣ ಪೇಪರು ಮಡಚಿದರು.
ಮೂವತ್ತೊಂದು ವರ್ಷ ಕಬ್ಬಿಣ ಕರಗಿಸಿದವರು.
ಟ್ರೈಲರಿನಲ್ಲಿ ಅವನು ತೊಲೆ ಬಗ್ಗಿಸಿದ್ದು ಕಂಡಾಗಿನಿಂದ
ಮೂರು ದಿನ ನಿದ್ದೆಯಿಲ್ಲ ಅವರಿಗೆ.
'ಬಗ್ಗಿದ ಕಡೆ ತುಕ್ಕಿನ ಹಕ್ಕಳೆ ಏಳಬೇಕು ಕಣಪ್ಪ.
ಅಷ್ಟು ಕೋಟಿ ಸುರಿದವರಿಗೆ
ಒಂದು ಹಕ್ಕಳೆ ಉದುರಿಸೋಕಾಗಲಿಲ್ವ?'

ಡೊಮಿನಿಕ್ ಮಾಸ್ತರ ಮಗ ರೋಶನನಿಗೆ ಬೇರೆ ಸಂಕಟ.
ಹಳಬನೇ ಇರಬೇಕಿತ್ತು, ಈ ಹೊಸಬ ಕುಳ್ಳ.
'ಹಾರೋನಿಗೆ ಎತ್ತರ ಯಾಕೋ?'
ಯಾರೂ ಉತ್ತರ ಕೊಡಲಿಲ್ಲ.
ಹಳಬ ನೂರೈವತ್ತಕ್ಕೆ ಪಟ್ಟು ಹಿಡಿದನಂತೆ,
ಇವನು ತೊಂಬತ್ತಕ್ಕೆ ಹೂಂ ಅಂದನಂತೆ.

ಹಾಲೇಶಿಯ ಕತ್ತಿ ನಿಂತಿತು.
'ಅವನು ಮುಖವಾಡ ಹಾಕ್ತಾನಲ್ವ?'
'ಹೂಂ.'
'ಪೂರ್ತಿ?'
'ಗಲ್ಲ ಒಂದು ಕಾಣತ್ತೆ.'
'ಅಂದ್ರೆ ಗಲ್ಲಕ್ಕೆ ತೊಂಬತ್ತು ಕೋಟಿ.'
ಕುರ್ಚಿಯಲ್ಲಿದ್ದ ಗುಮಾಸ್ತ ತೀರ್ಥಪ್ಪನ ಗಲ್ಲವನ್ನು
ಎರಡು ಬೆರಳಲ್ಲಿ ಎತ್ತಿ, ಸಂತೆಯಲ್ಲಿ ಮಾವಿನಹಣ್ಣು ನೋಡುವ ಹಾಗೆ ನೋಡಿ
'ಇದಕ್ಕೆ ನಾನು ತಗೊಳೋದು ಅರವತ್ತು' ಎಂದ.
ತೀರ್ಥಪ್ಪ ನಗುವ ಹಾಗಿಲ್ಲ, ಕತ್ತಿ ಕೊರಳ ಹತ್ತಿರ.
ಕೊರಳಿಗೆ ಗಂಟು ಹಾಕಿದ ಬಿಳಿ ಬಟ್ಟೆ
ಬೆನ್ನ ಹಿಂದೆ ಹಾರಬೇಕಾದದ್ದು
ಹೊಟ್ಟೆಯ ಮೇಲೆ ಸುಮ್ಮನೆ ಇಳಿಬಿದ್ದಿತ್ತು.

'ನಂದೂ ಒಂದು ಪಾರ್ಟಿತ್ತು' ಎಂದ ಹಾಲೇಶಿ,
ನೊರೆ ಒರೆಸುತ್ತ.

ಹತ್ತೊಂಬತ್ತು ವಯಸ್ಸು ಆಗ. ಡ್ಯಾಮಿಗೆ ಶೂಟಿಂಗ್ ಬಂದಿತ್ತು.
ಅಪ್ಪನ ಜೊತೆ ಕತ್ತರಿ ಪೆಟ್ಟಿಗೆ ಹೊತ್ತು ಹೋಗಿದ್ದ.
ಹೀರೋ ಕಟ್ಟೆಯ ಅಂಚಿಗೆ ನಿಲ್ಲಬೇಕು, ಹೀರೋಗೆ ತಲೆಸುತ್ತು.
ಡೈರೆಕ್ಟರು ಎಲ್ಲರ ಹಿಂದೆ ಒಂದು ಸುತ್ತು ಬಂದು
ಇವನ ಬೆನ್ನಿಗೆ ಬೆರಳು ತೋರಿಸಿದ.
ಕೋಟು ತೊಡಿಸಿದರು. ಒಳಗಿನ್ನೂ ಹೀರೋನ ಬೆವರು, ಬಿಸಿ.
ಒಂದು ಕಡೆ ನೀರು, ಇನ್ನೊಂದು ಕಡೆ ಏನೂ ಇಲ್ಲ.
ತಿರುಗಬೇಡ, ತಿರುಗಿದರೆ ರೀಲು ಹಾಳು, ಅಂದರು.
ತಿರುಗಲಿಲ್ಲ.
ನಾಲ್ಕು ಸೆಕೆಂಡು. ಎಪ್ಪತ್ತೈದು ರೂಪಾಯಿ, ಮೇಲೆ ಕೋಳಿ ಊಟ.

ಸಿನಿಮಾ ಒಂಬತ್ತು ದಿನ ಓಡಿತು.
ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ನಂಬೋದಿಲ್ಲ ಅಂತ.
ಅವ್ವ ಓಣಿಯ ಹೆಂಗಸರ ಜೊತೆ ಮ್ಯಾಟಿನಿಗೆ ಹೋದವಳು
ಕತ್ತಲಲ್ಲಿ ಎದ್ದು ನಿಂತು ಕೂಗಿದಳಂತೆ,
ಏ ನಮ್ಮ ಹಾಲೇಶಿ, ಬೀಳ್ತೀಯ, ಹಿಂದೆ ಬಾರೋ.
'ಮುಖ ಕಾಣದೆ ಹೆಂಗೆ ಗೊತ್ತಾಯ್ತವ್ವ?'
'ಹನ್ನೊಂದು ವರ್ಷ ಉಜ್ಜಿದ ಬೆನ್ನು,
ಕೋಟು ಹಾಕಿದ್ರೆ ಬೇರೆ ಆಗತ್ತೇನೋ?'

ರೋಶನ್ ಮೊಬೈಲಿನಲ್ಲಿ ಹುಡುಕಿದ.
ಆ ಸಿನಿಮಾ ಎಲ್ಲೂ ಇಲ್ಲ, ಒಂದು ಪೋಸ್ಟರೂ ಇಲ್ಲ.

ಪಟಿಕ ತೆಗೆಯಲು ಹಾಲೇಶಿ ಅತ್ತ ತಿರುಗಿದ.
ಕನ್ನಡಿಯೊಳಗಿನ ಕನ್ನಡಿಯಲ್ಲಿ ಅವನ ಬೆನ್ನು,
ಅದರಾಚೆ ಇನ್ನೊಂದು, ಅದರಾಚೆ ಚಿಕ್ಕದೊಂದು,
ಪಾಚಿಗಟ್ಟಿದ ಗಾಜಿನ ಆಳಕ್ಕೆ ಸಾಲುಸಾಲು ಹಾಲೇಶಿಯರು,
ಒಬ್ಬನೂ ಹಿಂದೆ ನೋಡಲೊಲ್ಲ.

ಬಟ್ಟೆ ಕೊಡವಿದ. 'ಮುಂದಿನವ್ರು ಯಾರಪ್ಪ?'
ಅನ್ಸಾರನ ಸರದಿ. ಅವನು ಏಳಲಿಲ್ಲ,
ಬೆರಳು ಮಡಚಿಕೊಂಡು ಕೂತಿದ್ದ:
ನಾಲ್ಕು ಸೆಕೆಂಡಿಗೆ ಎಪ್ಪತ್ತೈದಾದರೆ
ಎರಡೂವರೆ ಗಂಟೆಗೆ?
'ಒಂದು ಲಕ್ಷದ ಅರವತ್ತೆಂಟು ಸಾವಿರದ ಏಳುನೂರೈವತ್ತು'
ಎಂದ ತೀರ್ಥಪ್ಪ, ನುಣ್ಣಗಾದ ಗಲ್ಲ ಸವರಿಕೊಳ್ಳುತ್ತ.
'ಊಟ ಬೇರೆ' ಎಂದ ಹಾಲೇಶಿ.